ಗಾಳಿ ಮರದ ಕಾಯಿ ಹಿಡಿದು ಕಲ್ಕತ್ತೆಗೆ

ಒಂದನೇ ದಿನ, ಎರಡನೇ ದಿನ

ಕಲ್ಕತ್ತೆಗೆ ಯಾಕೆ ಅಂತ ಮನೆಯಲ್ಲಿ ಕೇಳಿದರು. ಒಂದು ಮರ ನೋಡೋಕೆ ಅಂದೆ. ಆ ಮರ ಈಗ ಇರಲಾರದು ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮುಂದೆ ಯಾರೂ ಏನೂ ಕೇಳಲಿಲ್ಲ. ಬುತ್ತಿಗೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಟ್ಟರು.

ನಾನು ಬೆಳೆದದ್ದು ಕಾರವಾರದಲ್ಲಿ. ಕಡಲ ದಂಡೆಯುದ್ದಕ್ಕೂ ಗಾಳಿ ಮರ. ಘಟ್ಟದ ಮೇಲಿನವರು ಸರ್ವೆ ಅನ್ನುತ್ತಾರೆ. ದೇಶದಲ್ಲಿ ಮೊದಮೊದಲು ಸರ್ವೆ ತೋಪು ಎಬ್ಬಿಸಿದ ಊರುಗಳಲ್ಲಿ ನಮ್ಮದೂ ಒಂದು, 1868ರ ಸುಮಾರಿಗೆ. ರಾತ್ರಿ ಹಾಸಿಗೆಯಲ್ಲಿ ಮಲಗಿ ಕೇಳಿದರೆ ಅಲೆಯ ಸದ್ದು ಯಾವುದು, ಮರದ ಸದ್ದು ಯಾವುದು ಅಂತ ಹೇಳಲು ಬರುವುದಿಲ್ಲ. ಚಿಕ್ಕವಳಿದ್ದಾಗ ಅದನ್ನೇ ಆಟ ಮಾಡಿಕೊಂಡಿದ್ದೆವು, ನಾನು ಮತ್ತು ತಮ್ಮ. ಇದು ಕಡಲು, ಇದು ಮರ, ಇದು ಕಡಲು, ಅಂತ.

ಹಾಗಾಗಿ ಕಾಲೇಜಿನಲ್ಲಿ ಕಲ್ಕತ್ತೆಯ ತೊರು ದತ್ತ ಎಂಬ ಹುಡುಗಿ ಇಂಗ್ಲಿಷಿನಲ್ಲಿ ಬರೆದ ಕ್ಯಾಸುರಿನಾ ಮರದ, ಅಂದರೆ ನಮ್ಮ ಗಾಳಿ ಮರದ ಪದ್ಯ ಪಾಠಕ್ಕೆ ಬಂದಾಗ, ಮೇಷ್ಟ್ರು ಉಪಮೆ, ರೂಪಕ ಅಂತ ಹಲಗೆ ತುಂಬಿಸುತ್ತಿದ್ದರೆ, ನಾನು ಒಂದೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಮರ ಗೊಣಗುವ ಸದ್ದು ಬೆಣಚುಕಲ್ಲಿನ ದಂಡೆಗೆ ಅಲೆ ಬಡಿದ ಹಾಗೆ ಇದೆ ಅನ್ನುತ್ತಾಳೆ ಅವಳು. ಕಲ್ಕತ್ತೆಯಲ್ಲಿ ಕಡಲು ಎಲ್ಲಿದೆ? ಹೊಳೆ ಇದೆ ಅಷ್ಟೆ. ಇವಳಿಗೆ ನಮ್ಮ ಆಟ ಹೇಗೆ ಗೊತ್ತಾಯಿತು?

ಇಪ್ಪತ್ತು ವರ್ಷ ಆಮೇಲೆ ರೈಲು ಹತ್ತಿದೆ. ಬೆಂಗಳೂರಿನಿಂದ ಹೌರಾಕ್ಕೆ ಒಂದೂವರೆ ದಿನ. ಫೆಬ್ರವರಿ ಕೊನೆ, ಸೆಕೆ ಇನ್ನೂ ಶುರುವಾಗಿರಲಿಲ್ಲ. ಚೀಲದಲ್ಲಿ ಅವಳ ಪದ್ಯಗಳು, ಅವಳ ಕಾಗದಗಳಿರುವ ಒಂದು ಹಳೇ ಪುಸ್ತಕದ ಜೆರಾಕ್ಸ್, ಮತ್ತೆ ಒಂದು ಗಾಳಿ ಮರದ ಕಾಯಿ. ಊರಿಂದ ತಂದದ್ದು. ಒಣಗಿದ, ಮುಳ್ಳುಮುಳ್ಳಾದ, ಅಡಿಕೆಗಿಂತ ಚಿಕ್ಕದು. ಅವಳ ಸಮಾಧಿಯ ಮೇಲೆ ಇಡಬೇಕು ಅಂತ. ಸ್ವಲ್ಪ ನಾಟಕದ ಥರ ಆಯಿತು, ಒಪ್ಪುತ್ತೇನೆ.

ಆಂಧ್ರದ ಕರಾವಳಿಯಲ್ಲಿ ಹೊಲಹೊಲವೇ ಸರ್ವೆ ಬೆಳೆದಿದ್ದರು. ಕಾಗದದ ಕಾರ್ಖಾನೆಗೆ ಹೋಗುವ ಮರ. ಕಿಟಕಿ ಎತ್ತಿ ಕಿವಿ ಕೊಟ್ಟೆ. ರೈಲಿನ ಗದ್ದಲದಲ್ಲಿ ಏನು ಕೇಳಿಸುತ್ತೆ.

ಎದುರು ಸೀಟಿನಲ್ಲಿ ಒಬ್ಬ ಬಂಗಾಳಿ ಹಿರಿಯರು. ಪುಸ್ತಕ ನೋಡಿ, "ಓ, ತೊರು!" ಅಂದರು. ಆಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಬಂಗಾಳಿಯಲ್ಲಿ ಬರೆದು ತೋರಿಸಿದರು. ಅಕ್ಷರ ಬಿಡಿಸಿ ಓದಿದರೆ ತ, ರು. ತರು! ಬಂಗಾಳಿಗಳ ಬಾಯಲ್ಲಿ ಅಕಾರ ಒಕಾರ ಆಗುತ್ತೆ, ಅದಕ್ಕೇ ಇಂಗ್ಲಿಷಿನಲ್ಲಿ ತೊರು ಅಂತ ಬರೆದುಕೊಂಡಳು. ಇಷ್ಟು ವರ್ಷ ಯಾವುದೋ ವಿಚಿತ್ರ ಹೆಸರು ಅಂದುಕೊಂಡಿದ್ದೆನಲ್ಲ, ಅವಳ ಹೆಸರೇ ಮರ.

ಮೂರನೇ ದಿನ: ರಾಮ್‌ಬಾಗಾನ್

ಬೆಳಿಗ್ಗೆ ಹೌರಾ. ಲಾಡ್ಜಿನಲ್ಲಿ ನನ್ನ ಬುಕಿಂಗ್ ಇಲ್ಲವೇ ಇಲ್ಲ ಅಂದರು, ಅರ್ಧ ಗಂಟೆ ವಾದ ಆದಮೇಲೆ ಇದೆ ಅಂದರು. ಇರಲಿ.

ಗಿರೀಶ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಒಂದು ಕಡೆಗೆ ಜೋಡಾಸಾಂಕೊ, ಟಾಗೋರರ ಮನೆ. ಇನ್ನೊಂದು ಕಡೆಗೆ ರಾಮ್‌ಬಾಗಾನ್, ದತ್ತರ ಮನೆ. ನಡೆದು ಹೋಗುವಷ್ಟು ಹತ್ತಿರ. ಜನ ಎಲ್ಲ ಆ ಕಡೆಗೆ ಹೋಗುತ್ತಾರೆ. ನಾನು ಈ ಕಡೆಗೆ ಹೋದೆ.

ತೊರು ಹುಟ್ಟಿದ್ದು ಇಲ್ಲಿ, 1856ರ ಮಾರ್ಚ್ 4ಕ್ಕೆ. ಅಣ್ಣ ಅಬ್ಜು, ಅಕ್ಕ ಅರು, ಕೊನೆಯವಳು ಇವಳು. ತಂದೆ ಗೋವಿನ್ ಚಂದರ್ ದತ್ತ. ಮನೆತುಂಬ ಇಂಗ್ಲಿಷ್ ಪದ್ಯ ಬರೆಯುವವರೇ. ಅಪ್ಪ ಮತ್ತು ಮನೆತನದ ಇತರರು ಸೇರಿ ಬರೆದ ಪದ್ಯಗಳ ಪುಸ್ತಕ 1870ರಲ್ಲಿ ಲಂಡನ್ನಿನಲ್ಲೇ ಅಚ್ಚಾಯಿತು. 1862ರಲ್ಲಿ ಮನೆಯವರೆಲ್ಲ ಕ್ರೈಸ್ತರಾದರು. ಅಮ್ಮ ಕ್ಷೇತ್ರಮಣಿಗೆ ಮೊದಲು ಅದು ಒಗ್ಗಲಿಲ್ಲವಂತೆ. ಆದರೆ ರಾಮಾಯಣ, ಭಾರತ, ಪುರಾಣದ ಕಥೆಗಳನ್ನು ಮಕ್ಕಳಿಗೆ ಹಾಡಿ ಹೇಳಿದ್ದು ಅವಳೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆಗಿನ ಮಾಣಿಕ್ತಲಾ ಸ್ಟ್ರೀಟ್ ಈಗ ರಮೇಶ್ ದತ್ತ ಸ್ಟ್ರೀಟ್. ಆ ರಮೇಶ್ ಚಂದ್ರ ದತ್ತ ತೊರುವಿನ ದಾಯಾದಿ ಅಣ್ಣ. ಐಸಿಎಸ್ ಅಧಿಕಾರಿ, ಬ್ರಿಟಿಷರ ಕಾಲದ ಆರ್ಥಿಕ ಇತಿಹಾಸ ಬರೆದವರು, 1899ರ ಕಾಂಗ್ರೆಸ್ ಅಧ್ಯಕ್ಷರು. ಬೀದಿಗೆ ಹೆಸರು ಅವರಿಗೆ ಸಿಕ್ಕಿದ್ದು ನ್ಯಾಯವೇ. ಆದರೂ ಆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನಡೆದೆ, ತಂಗಿಯ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ. ರಾಮ್‌ಬಾಗಾನಿನ ಓಣಿಗಳಲ್ಲಿ ಬಿದಿರು ಸೀಳಿ ಬುಟ್ಟಿ, ತಡಿಕೆ ಹೆಣೆಯುವವರು ಕೂತಿರುತ್ತಾರೆ. ದುರ್ಗಾಪೂಜೆಯ ಪೆಂಡಾಲುಗಳ ಬಿದಿರು ಕೆಲಸ ಇವರದ್ದೂ ಇರುತ್ತೆ. ಅವರಲ್ಲೊಬ್ಬ ದತ್ತ ಬಾಡಿ, ಅಂದರೆ ದತ್ತರ ಮನೆ, ಅಂತ ಕೈ ತೋರಿಸಿದ. ಹೊರಗಿನಿಂದಲೇ ನೋಡಿದೆ. ಒಳಗೆ ಬರಲೇ ಅಂತ ಕೇಳಲು ಮನಸ್ಸು ಬರಲಿಲ್ಲ. ಸುಮ್ನೆ ಯಾರದ್ದೋ ಮನೆ ಮುಂದೆ ನಿಂತು ನೂರೈವತ್ತು ವರ್ಷದ ಹಿಂದಿನ ಹುಡುಗಿಯನ್ನು ಹುಡುಕುವುದು ಎಷ್ಟು ಸರಿ, ಅಲ್ವಾ?

ಅಲ್ಲಿಂದ ಹೇದುವಾ ಕೆರೆಯ ಕಡೆ ನಡೆದೆ. ಕೆರೆಯ ಎದುರು ಬೆಥೂನ್ ಕಾಲೇಜು. ಅದರ ಹೆಣ್ಣುಮಕ್ಕಳ ಶಾಲೆ ಶುರುವಾಗಿದ್ದು 1849ರಲ್ಲಿ. ಅಂದರೆ ಮನೆಯಿಂದ ಕೂಗಳತೆಯಲ್ಲಿ ಶಾಲೆ ಇತ್ತು. ತೊರು ಅಲ್ಲಿ ಓದಲಿಲ್ಲ. ಮನೆಗೇ ಮೇಷ್ಟ್ರು ಬರುತ್ತಿದ್ದರು. ಮಿಲ್ಟನ್ನನನ್ನು ಅಕ್ಕತಂಗಿ ಇಬ್ಬರೂ ಬಾಯಿಪಾಠ ಆಗುವಷ್ಟು ಸಲ ಓದಿದ್ದರು. ಅವಳು ಜೀವಮಾನದಲ್ಲಿ ಶಾಲೆ ಅಂತ ಹೋಗಿದ್ದು ಕೆಲವೇ ತಿಂಗಳು. ಅದೂ ಎಲ್ಲಿ? ಫ್ರಾನ್ಸಿನ ನೀಸ್ ಪಟ್ಟಣದಲ್ಲಿ!

ಆ ಕಥೆ ಹೀಗೆ. 1865ರಲ್ಲಿ ಅಬ್ಜು ತೀರಿಕೊಂಡ. ಹದಿನಾಲ್ಕು ವರ್ಷ. 1869ರ ಕೊನೆಗೆ ಗೋವಿನ್ ಬಾಬು ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿದರು. ಆ ಕಾಲಕ್ಕೆ ಬಂಗಾಳದ ಹೆಣ್ಣುಮಕ್ಕಳು ಕಡಲು ದಾಟುವುದೆಂದರೆ ಊರೆಲ್ಲ ಮಾತಾಡಿಕೊಳ್ಳುವ ಸಂಗತಿ. ನೀಸ್‌ನಲ್ಲಿ ಫ್ರೆಂಚ್ ಕಲಿತರು. ಆಮೇಲೆ ಪ್ಯಾರಿಸ್, ಲಂಡನ್. 1871ರಲ್ಲಿ ಕೇಂಬ್ರಿಡ್ಜ್‌ಗೆ ಹೋಗಿ ಹೆಂಗಸರಿಗಾಗಿ ನಡೆಯುತ್ತಿದ್ದ ಉಪನ್ಯಾಸಗಳಿಗೆ ಕೂತರು. ಅಲ್ಲಿ ಮೇರಿ ಮಾರ್ಟಿನ್ ಎಂಬ ಗೆಳತಿ ಸಿಕ್ಕಳು. ಆಮೇಲೆ ಹೇಸ್ಟಿಂಗ್ಸ್ ಪಕ್ಕದ ಸೇಂಟ್ ಲಿಯೊನಾರ್ಡ್ಸ್, ಅದು ಕಡಲ ತೀರದ ಊರು. ಬೆಣಚುಕಲ್ಲಿನ ದಂಡೆ ಸಿಕ್ಕಿದ್ದು ಇಂಥ ಕಡೆ ಇರಬೇಕು.

1873ರ ಸೆಪ್ಟೆಂಬರಿನಲ್ಲಿ ವಾಪಸು. ಮರುವರ್ಷ ಜುಲೈಯಲ್ಲಿ ಅರು ಹೋದಳು, ಕ್ಷಯ. ಇಪ್ಪತ್ತು ವರ್ಷ.

ಹೇದುವಾ ಕಟ್ಟೆಯ ಮೇಲೆ ಕೂತು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದೆ. ಬೆಥೂನ್‌ನ ಹುಡುಗಿಯರು ಗುಂಪುಗುಂಪಾಗಿ ಜೋರಾಗಿ ನಗುತ್ತಾ ಹೊರಗೆ ಬಂದರು. ತೊರು ಮೇರಿಗೆ ಬರೆದ ಕಾಗದಗಳಲ್ಲಿ ಒಂದೇ ಗೋಳು, ಇಲ್ಲಿ ಹೊರಗೆ ಹೋಗುವ ಹಾಗಿಲ್ಲ, ಇಂಗ್ಲೆಂಡಿನ ಹಾಗೆ ತಿರುಗಾಡುವ ಹಾಗಿಲ್ಲ ಅಂತ. ಅವಳ ಸಾವಿತ್ರಿ ಪದ್ಯ ಮತ್ತೆ ತೆಗೆದು ನೋಡಿದೆ. ನಮಗೆಲ್ಲ ಗೊತ್ತಿರುವ ಸಾವಿತ್ರಿ, ಯಮನ ಹಿಂದೆ ಹೋದವಳು. ಆದರೆ ಇವಳು ಶುರುವಿನಲ್ಲೇ ಹೇಳುತ್ತಾಳೆ, ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ಜನಾನಾದ ಒಳಗೆ ಕೂಡಿಹಾಕುತ್ತಿರಲಿಲ್ಲ, ಸಾವಿತ್ರಿ ತನಗೆ ಬೇಕಾದ ಕಡೆ ಓಡಾಡುತ್ತಿದ್ದಳು ಅಂತ. ವಿಮರ್ಶಕರು ಇದನ್ನು ಪುರಾಣಪ್ರೀತಿ ಅನ್ನುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಕಿಟಕಿಯ ಹಿಂದೆ ಕೂತ ಹುಡುಗಿಯ ಸಿಟ್ಟು ಕಂಡಿತು.

ನಾಲ್ಕನೇ ದಿನ: ತಪ್ಪು ದತ್ತ, ಸರಿಯಾದ ದತ್ತ

ಇವತ್ತು ಸಮಾಧಿ ನೋಡುವ ದಿನ. ಟ್ಯಾಕ್ಸಿಯವನಿಗೆ ನನ್ನ ಹರುಕು ಹಿಂದಿಯಲ್ಲಿ, ಕ್ರಿಶ್ಚಿಯನ್ ಸ್ಮಶಾನ, ದತ್ತ, ಕವಿ ಅಂದೆ. ಅವನು ಬಹಳ ವಿಶ್ವಾಸದಿಂದ ತಲೆಯಾಡಿಸಿದ. ಮಲ್ಲಿಕ್ ಬಜಾರಿನ ಹತ್ತಿರ ಇಳಿಸಿದ. ಒಳಗೆ ಹೋಗಿ ಕೇಳಿದರೆ ಕಾವಲುಗಾರನೂ ತಟ್ಟನೆ ದಾರಿ ತೋರಿಸಿದ. ಇಷ್ಟು ಸುಲಭವೇ ಅಂದುಕೊಂಡು ಹೋದರೆ, ಎದುರಿಗೆ ಗಡ್ಡದ ಗಂಡಸಿನ ಮೂರ್ತಿ! ಮೈಕೆಲ್ ಮಧುಸೂದನ ದತ್ತರು.

ತಪ್ಪು ನನ್ನದೇ. ಬಂಗಾಳದಲ್ಲಿ ಕ್ರೈಸ್ತ, ಕವಿ, ದತ್ತ ಅಂದರೆ ಇನ್ಯಾರು? ಬಂದದ್ದಾಯಿತು ಅಂತ ನಿಂತೆ. ಸಮಾಧಿಯ ಮೇಲೆ ಅವರೇ ಬರೆದಿಟ್ಟ ಸಾಲುಗಳಿವೆ. ಬಂಗಾಳದಲ್ಲಿ ಹುಟ್ಟಿದವನಾದರೆ ಸ್ವಲ್ಪ ಹೊತ್ತು ನಿಲ್ಲು, ದಾರಿಹೋಕನೇ, ಅಂತ ಶುರುವಾಗುತ್ತೆ. ನಾನು ಬಂಗಾಳದಲ್ಲಿ ಹುಟ್ಟಿದವಳಲ್ಲ, ಆದರೂ ನಿಂತೆ. ಇವರೂ ಇಂಗ್ಲಿಷಿನಲ್ಲೇ ಶುರು ಮಾಡಿದವರು. 1849ರಲ್ಲಿ ಮದ್ರಾಸಿನಲ್ಲಿದ್ದಾಗ ಇಂಗ್ಲಿಷ್ ಕಾವ್ಯ ಅಚ್ಚು ಹಾಕಿಸಿದರು. ಆಮೇಲೆ ಬಂಗಾಳಿಗೆ ಹೊರಳಿ ಅದರ ದಿಕ್ಕನ್ನೇ ಬದಲಿಸಿದರು. ತೀರಿಕೊಂಡದ್ದು 1873ರ ಜೂನ್ 29. ಅದಾಗಿ ಮೂರು ತಿಂಗಳೊಳಗೆ ತೊರು ಯುರೋಪಿನಿಂದ ಹಿಂತಿರುಗಿದಳು. ಹೊರಳಿಕೊಳ್ಳಲು ಅವಳಿಗೆ ಉಳಿದದ್ದು ನಾಲ್ಕು ವರ್ಷ. ಅಷ್ಟರಲ್ಲಿ ಅಪ್ಪನ ಜೊತೆ ಕೂತು ಸಂಸ್ಕೃತ ಕಲಿಯಲು ಶುರು ಮಾಡಿದ್ದಳು, ಬಿಡಿ.

ಹಳೆಯ ಸರ್ಕ್ಯುಲರ್ ರಸ್ತೆ ಹಿಡಿದು ಉತ್ತರಕ್ಕೆ ಬಂದರೆ ಮಾಣಿಕ್ತಲಾ. ಈ ಸಲ ಫೋನಿನಲ್ಲಿ ಅವಳ ಹೆಸರನ್ನು ಬಂಗಾಳಿಯಲ್ಲೇ ತೆರೆದಿಟ್ಟುಕೊಂಡಿದ್ದೆ. ಆ ಸ್ಮಶಾನ ಚಿಕ್ಕದು. ಹೊರಗೆ ಬಸ್ಸು, ಹಾರನ್ನು, ಮೀನಿನ ವಾಸನೆ. ಒಳಗೆ ಪೊದೆ, ಒದ್ದೆ ಎಲೆ, ಪಾಚಿ. ಕಾವಲಿನವರು ಓದಿ, "ಓ, ತೊರು ದತ್ತೋ" ಅಂತ ಮುಂದೆ ನಡೆದರು. ಅಬ್ಜು, ಅರು, ತೊರು, ಮಕ್ಕಳು ಮೂವರೂ ಅಲ್ಲೇ. ಆಮೇಲೆ ಅಪ್ಪ ಅಮ್ಮನೂ. ಮೊದಲು ಮಕ್ಕಳು, ಕೊನೆಗೆ ಹಿರಿಯರು. ಆ ಮನೆಯಲ್ಲಿ ಎಲ್ಲ ತಲೆಕೆಳಗಾಯಿತು.

ತೊರು ಕಣ್ಣು ಮುಚ್ಚಿದ್ದು 1877ರ ಆಗಸ್ಟ್ 30. ಅಕ್ಕನದ್ದೇ ರೋಗ. ಇಪ್ಪತ್ತೊಂದು ವರ್ಷ. ಅಷ್ಟರೊಳಗೆ ಅವಳು ಕಂಡ ಅವಳ ಪುಸ್ತಕ ಒಂದೇ. ಫ್ರೆಂಚ್ ಪದ್ಯಗಳ ಇಂಗ್ಲಿಷ್ ಅನುವಾದ, 1876ರಲ್ಲಿ ಇದೇ ಊರಿನ ಭವಾನಿಪುರದ ಸಾಪ್ತಾಹಿಕ ಸಂವಾದ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ನೂರೈವತ್ತಕ್ಕೂ ಜಾಸ್ತಿ ಪದ್ಯ, ಅದರಲ್ಲಿ ಎಂಟು ಅರು ಮಾಡಿದ್ದು. ಮುನ್ನುಡಿ ಇಲ್ಲ, ಕಾಗದ ಕಳಪೆ, ಹೊದಿಕೆ ಕಿತ್ತಳೆ ಬಣ್ಣ. ಲಂಡನ್ನಿನ ಒಂದು ಪತ್ರಿಕೆಯ ಸಂಪಾದಕರು ಅದನ್ನು ವಿಮರ್ಶಕ ಎಡ್ಮಂಡ್ ಗಾಸ್ ಕೈಗೆ ತುರುಕಿದರು. ಇದು ಕಸದ ಬುಟ್ಟಿಗೇ ಅಂತ ಗಾಸ್ ಅಂದುಕೊಂಡನಂತೆ. ಆಮೇಲೆ ಒಂದು ಪದ್ಯ ಓದಿ ಬೆರಗಾದನಂತೆ. ಅವಳ ಬಗ್ಗೆ ಬರೆದವರೆಲ್ಲ ಈ ಕಥೆ ಹೇಳುತ್ತಾರೆ. ನನಗೆ ಇದರಲ್ಲಿ ಗಾಸ್‌ನ ಪಾತ್ರ ಸ್ವಲ್ಪ ಜಾಸ್ತಿ ಆಯಿತು ಅನಿಸುತ್ತೆ. ಅದಕ್ಕಿಂತ ನನಗೆ ಹಿಡಿಸುವುದು ಅಕ್ಕತಂಗಿಯರ ಇನ್ನೊಂದು ಒಪ್ಪಂದ. ತಂಗಿ ಒಂದು ಫ್ರೆಂಚ್ ಕಾದಂಬರಿ ಬರೆಯಬೇಕು, ಅಕ್ಕ ಚಿತ್ರ ಹಾಕಬೇಕು ಅಂತ. ಅಕ್ಕ ಹೋದಳು. ಕಾದಂಬರಿ ಮಾತ್ರ ತಂಗಿಯ ಕಾಗದಗಳ ನಡುವೆ ಅಪ್ಪನಿಗೆ ಸಿಕ್ಕಿತು. 1879ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು, ಚಿತ್ರ ಇಲ್ಲದೆ ಅರ್ಧ ಉಳಿದ ಮಾತಿನ ಹಾಗೆ.

ಪುರಾಣದ ಪದ್ಯಗಳ ಪುಸ್ತಕ ಬಂದದ್ದು ಇನ್ನೂ ತಡ, 1882, ಲಂಡನ್ನಿನಲ್ಲಿ. ಸಾವಿತ್ರಿ, ಲಕ್ಷ್ಮಣ, ಧ್ರುವ, ಏಕಲವ್ಯ, ಪ್ರಹ್ಲಾದ, ಶ್ರವಣಕುಮಾರನ ಕಥೆ. ನಿಜ ಹೇಳಬೇಕೆಂದರೆ ಇವೆಲ್ಲ ಒಂದೇ ತೂಕದವಲ್ಲ. ಕೆಲವು ಕಡೆ ಪ್ರಾಸ ಎಳೆದುಕೊಂಡು ಹೋಗುತ್ತೆ, ಕೆಲವು ಕಡೆ ಶಾಲೆಯ ಪುಸ್ತಕದ ವಾಸನೆ. ಆದರೆ ಸೀತೆಯ ಮೇಲೆ ಒಂದು ಪುಟ್ಟ ಪದ್ಯ ಇದೆ. ಅದರಲ್ಲಿ ಸೀತೆಗಿಂತ ಜಾಸ್ತಿ ಮೂರು ಮಕ್ಕಳೇ ಇದ್ದಾರೆ. ಕತ್ತಲೆ ಕೋಣೆ, ಅಮ್ಮ ಹಾಡುತ್ತಿದ್ದಾಳೆ, ಮಕ್ಕಳ ಕಣ್ಣಿಗೆ ಕಾಡು ಕಾಣುತ್ತಿದೆ, ಕಾಡಿನಲ್ಲಿ ಒಬ್ಬಳು ಅಳುತ್ತಿದ್ದಾಳೆ, ಮಕ್ಕಳೂ ಅಳುತ್ತಾರೆ. ಕೊನೆಗೆ ಒಂದು ಪ್ರಶ್ನೆ. ಆ ಮಕ್ಕಳು ಮತ್ತೆ ಯಾವಾಗ ಅಮ್ಮನ ಪಕ್ಕ ಸಂಜೆ ಹೊತ್ತು ಹಾಗೆ ಸೇರುತ್ತಾರೆ?

ಅದನ್ನು ಬರೆದಾಗ ಮೂವರಲ್ಲಿ ಉಳಿದಿದ್ದವಳು ಇವಳೊಬ್ಬಳೇ. ಮತ್ತೆ ಸೇರಿದ್ದು ಇಲ್ಲಿ, ನಾನು ನಿಂತಿದ್ದ ಈ ಪಾಚಿಗಟ್ಟಿದ ಜಾಗದಲ್ಲಿ. ಹಾಡಿದ ಅಮ್ಮನೂ ಕೊನೆಗೆ ಬಂದಳು.

ಎಷ್ಟು ಹೊತ್ತು ಕೂತಿದ್ದೆನೋ. ಮಳೆ ಬರುವ ಹಾಗಿದೆ ಅಂತ ಕಾವಲಿನವರು ಎಬ್ಬಿಸಿದರು. ನಿಜಕ್ಕೂ ನಾಲ್ಕು ಹನಿ ಬಿತ್ತು. ಓಡಿ ಬಸ್ಸು ಹತ್ತಿದೆ.

ಐದನೇ ದಿನ: ಬಾಗ್ಮಾರಿ

ಮಾಣಿಕ್ತಲಾದಿಂದ ಪೂರ್ವಕ್ಕೆ ಕಾಲುವೆ ದಾಟಿದರೆ ಬಾಗ್ಮಾರಿ. ದತ್ತರ ತೋಟದ ಮನೆ ಇದ್ದದ್ದು ಇಲ್ಲಿ. ಆಗ ಊರ ಹೊರಗೆ. ಈಗ ಮನೆ ಮೇಲೆ ಮನೆ, ಬಜಾರು, ಆಟೋ ಸ್ಟ್ಯಾಂಡು. ತೋಟ ಎಲ್ಲಿತ್ತು ಅಂತ ಕೇಳಿದರೆ ಒಬ್ಬರು ಆ ಕಡೆ, ಇನ್ನೊಬ್ಬರು ಈ ಕಡೆ ತೋರಿಸಿದರು. ಮೂರನೆಯವರು ತೋಟ ಬೇಕಿದ್ದರೆ ಬಟಾನಿಕಲ್ ಗಾರ್ಡನ್‌ಗೆ ಹೋಗಿ ಅಂದರು.

ಈ ತೋಟದ ಮೇಲೆ ಅವಳದ್ದೊಂದು ಹದಿನಾಲ್ಕು ಸಾಲಿನ ಪದ್ಯ ಇದೆ. ಹಸಿರಿನ ಕಡಲು ಸುತ್ತುವರಿದಿದೆ, ಆದರೆ ಒಂದೇ ಥರದ ಹಸಿರಲ್ಲ ಅನ್ನುತ್ತಾಳೆ. ಹುಣಸೆಯದ್ದು ತಿಳಿ ಹಸಿರು, ಮಾವಿನದ್ದು ಗಾಢ, ನಡುವೆ ಬೂದು ಕಂಬದ ಹಾಗೆ ತಾಳೆ. ಕೊಳದ ಮೇಲೆ ಬಾಗಿದ ಬೂರುಗ, ಅದರ ಹೂವು ಕೆಂಪು, ಕೆಂಪು, ಕಹಳೆ ಊದಿದ ಹಾಗೆ ಬೆಚ್ಚಿಬೀಳಿಸುವ ಕೆಂಪು. ಬಣ್ಣವನ್ನು ಕಿವಿಯಲ್ಲಿ ಕೇಳಿದವಳು! ಇಂಗ್ಲಿಷ್ ಪುಸ್ತಕ ಓದಿ ಇಂಥ ಸಾಲು ಬರುವುದಿಲ್ಲ, ಫೆಬ್ರವರಿಯಲ್ಲಿ ಬೂರುಗದ ಕೆಳಗೆ ನಿಂತಿರಬೇಕು. ನನ್ನ ಪುಣ್ಯಕ್ಕೆ ಒಂದು ಗ್ಯಾರೇಜಿನ ಗೋಡೆಯಾಚೆ ಬೂರುಗ ಒಂದು ಹೂ ಬಿಟ್ಟು ನಿಂತಿತ್ತು. ಎಲೆಯೇ ಇಲ್ಲ, ಬರೀ ಹೂವು. ಕೆಳಗೆ ನಿಲ್ಲಿಸಿದ್ದ ಸ್ಕೂಟರಿನ ಸೀಟಿನ ಮೇಲೆ ಮೂರು ಬಿದ್ದಿದ್ದವು.

ಗಾಳಿ ಮರ ಸಿಗಲಿಲ್ಲ. ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಪದ್ಯ ಓದಿದೆ. ಹೆಬ್ಬಾವಿನ ಹಾಗೆ ಬಳ್ಳಿಯೊಂದು ಮರವನ್ನು ಸುತ್ತಿ ಬಿಗಿದಿದೆ, ಬೇರೆ ಮರ ಆಗಿದ್ದರೆ ಸತ್ತೇ ಹೋಗುತ್ತಿತ್ತು, ಇದು ಮಾತ್ರ ಆ ಬಳ್ಳಿಯನ್ನೇ ಶಾಲಿನ ಹಾಗೆ ಹೊದ್ದು ನಿಂತಿದೆ. ಬೆಳಿಗ್ಗೆ ಕಿಟಕಿ ತೆರೆದರೆ ತುದಿಯಲ್ಲಿ ಬೂದು ಬಣ್ಣದ ಕೋತಿ ಕೂತು ಸೂರ್ಯನನ್ನು ನೋಡುತ್ತಿದೆ. ಕೋಗಿಲೆ, ಹುಲ್ಲುಗಾವಲಿಗೆ ಹೊರಟ ದನ, ಕೊಳದಲ್ಲಿ ನೈದಿಲೆ. ಇಷ್ಟೆಲ್ಲ ಹೇಳಿ ತಟ್ಟನೆ, ಮರ ನನಗೆ ಪ್ರೀತಿಯಾಗಿರುವುದು ಅದು ಚೆಂದ ಅಂತಲ್ಲ, ಅದರ ಕೆಳಗೆ ನಾವು ಆಡಿದ್ದೆವು ಅನ್ನುತ್ತಾಳೆ. ಆಡಿದ ಇಬ್ಬರೂ ಈಗಿಲ್ಲ. ಆಮೇಲೆ ಆ ಸದ್ದು ಬರುತ್ತೆ, ಅಲೆ ಬಡಿಯುವ ಸದ್ದು. ಫ್ರಾನ್ಸಿನದೋ ಇಟಲಿಯದೋ ಕಡಲ ದಂಡೆಯಲ್ಲಿ ನಿಂತಾಗ ಅದೇ ದನಿ ಕೇಳಿತು, ಕಣ್ಣ ಮುಂದೆ ಈ ಮರವೇ ಬಂತು ಅನ್ನುತ್ತಾಳೆ.

ಅಂದರೆ ಇಲ್ಲಿದ್ದಾಗ ಮರದಲ್ಲಿ ಕಡಲು, ಅಲ್ಲಿದ್ದಾಗ ಕಡಲಲ್ಲಿ ಮರ. ಎರಡೂ ಕಡೆ ಇಲ್ಲದ್ದೇ ಕೇಳಿಸಿತು ಅವಳಿಗೆ. ಇವಳನ್ನು ಇಂಗ್ಲಿಷ್ ಕವಿ ಅನ್ನಬೇಕೋ ಭಾರತದ ಕವಿ ಅನ್ನಬೇಕೋ ಅಂತ ಜಗಳ ಆಡುವವರು ಒಂದು ರಾತ್ರಿ ನಮ್ಮೂರಿಗೆ ಬಂದು ಮಲಗಬೇಕು.

ಇನ್ನೊಂದು ಸಂಗತಿ. 1883ರಲ್ಲಿ ಜೋಡಾಸಾಂಕೊದ ರವೀಂದ್ರನಾಥ ಟಾಗೋರ್ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥ ಆಗ ನಮ್ಮಲ್ಲಿ ಜಿಲ್ಲಾ ನ್ಯಾಯಾಧೀಶರು. ಆತ್ಮಕಥೆಯಲ್ಲಿ ಕಾರವಾರದ ದಂಡೆಯನ್ನೂ ಅದರ ಗಾಳಿ ಮರಗಳನ್ನೂ ನೆನೆದಿದ್ದಾರೆ. ಅವರ ಹೆಸರಿನ ಬೀಚು ನಮ್ಮೂರಲ್ಲಿದೆ, ನಾವು ಆಡಿದ್ದೂ ಅಲ್ಲೇ. ಅವರಿಗಿಂತ ಐದು ವರ್ಷ ದೊಡ್ಡವಳು ತೊರು, ಪಕ್ಕದ ಬಡಾವಣೆಯವಳು. ಅವಳು ಬರಲಿಲ್ಲ. ಬಂದಿದ್ದರೆ ಎರಡು ಸದ್ದೂ ಒಟ್ಟಿಗೆ ಸಿಗುತ್ತಿತ್ತು.

ಸಂಜೆ ಮೆಟ್ರೋ ಹತ್ತಿ ಭವಾನಿಪುರಕ್ಕೂ ಹೋಗಿ ಬಂದೆ. ಆ ಪ್ರೆಸ್ಸು ಈಗಿಲ್ಲ, ಹುಡುಕುವ ಉಮೇದೂ ಉಳಿದಿರಲಿಲ್ಲ. ಬಿಸಿ ಕಚೋರಿ, ಮಿಷ್ಟಿ ದೊಯಿ ತಿಂದೆ.

ಆರನೇ ದಿನ: ವಾಪಸು

ರೈಲು ಖರಗ್‌ಪುರ ದಾಟಿದ ಮೇಲೆ ಬುತ್ತಿ ತೆಗೆಯೋಣ ಅಂತ ಚೀಲಕ್ಕೆ ಕೈ ಹಾಕಿದರೆ ಏನೋ ಚುಚ್ಚಿತು. ಗಾಳಿ ಮರದ ಕಾಯಿ! ಇಡುವುದನ್ನೇ ಮರೆತಿದ್ದೆ. ಕಾರವಾರದಿಂದ ಹೊತ್ತುಕೊಂಡು ಬಂದು, ಸಮಾಧಿಯ ಪಕ್ಕ ಅಷ್ಟು ಹೊತ್ತು ಕೂತು, ಮಳೆ ಅಂತ ಓಡಿ, ಪೂರ್ತಿ ಮರೆತಿದ್ದೆ. ಎಂಥ ಯಾತ್ರೆಯೋ ಏನೋ.

ಪಕ್ಕದ ಸೀಟಿನಲ್ಲಿ ಒಂದು ಹುಡುಗಿ, ನಾಲ್ಕೈದು ವರ್ಷ ಇರಬಹುದು. ಅದೇನು ಅಂತ ಕೈ ಚಾಚಿದಳು. ಕೊಟ್ಟೆ. ತಿರುಗಿಸಿ ನೋಡಿದಳು, ಮೂಸಿದಳು, ಅಮ್ಮನ ಮುಖಕ್ಕೆ ಹಿಡಿದು ಮುಳ್ಳುಹಂದಿ ಅಂದಳು ಇರಬೇಕು, ಅಮ್ಮ ನಕ್ಕರು. ಆಮೇಲೆ ಯಾಕೋ ಅದನ್ನು ಕಿವಿಗೆ ಹಿಡಿದಳು. ಶಂಖ ಅಂದುಕೊಂಡಳೋ ಏನೋ. ಕೇಳಿಸುತ್ತಾ ಅಂತ ಸನ್ನೆ ಮಾಡಿದೆ. ಗಂಭೀರವಾಗಿ ತಲೆಯಾಡಿಸಿ, ಅದನ್ನು ಫ್ರಾಕಿನ ಜೇಬಿಗೆ ಹಾಕಿಕೊಂಡಳು.